ಸಾಮೂಹಿಕ ಯೋಗಕ್ಕೆ ಮೊದಲ ಸಲ ಹೊರಟವರಿಗೆ: ದಾಟಬೇಕಾದ ಗೆರೆ ಯಾವುದು, ದಾಟಬಾರದ ಗೆರೆ ಯಾವುದು

"ಮೊದಲು ಮೈ ಸ್ವಲ್ಪ ಸಡಿಲವಾಗಲಿ, ಆಮೇಲೆ ಬರ್ತೀನಿ." ಸಾಮೂಹಿಕ ಯೋಗಕ್ಕೆ ಕರೆದಾಗ ಜಾಸ್ತಿ ಜನ ಹೇಳುವ ಮಾತು ಇದು. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದಿದ್ದೆ. ಮೈ ಸಡಿಲವಾಗಲಿ ಅಂತಲೇ ಅಲ್ವಾ ಯೋಗ ಮಾಡುವುದು? ಆದರೂ ಕಾಯುತ್ತೇವೆ. ನೂರಾರು ಜನರ ನಡುವೆ ಕೈಕಾಲು ಎತ್ತಬೇಕು, ಗೊತ್ತಿಲ್ಲದ್ದನ್ನು ಮಾಡಬೇಕು, ಎಲ್ಲರೂ ಬಲಕ್ಕೆ ತಿರುಗಿದಾಗ ನಾವೊಬ್ಬರೇ ಎಡಕ್ಕೆ ತಿರುಗಿಬಿಟ್ಟರೆ? ಆ ಹಿಂಜರಿಕೆಗೆ "ಮೈ ಬಾಗಲ್ಲ" ಅನ್ನುವುದು ಸುಲಭದ ಹೆಸರು.

ನನ್ನ ಮೊದಲ ಸಲದ ಬಗ್ಗೆ ಹೇಳಿಬಿಡುತ್ತೇನೆ. ಯಾರ ಕಣ್ಣಿಗೂ ಬೀಳಬಾರದು ಅಂತ ಕೊನೆಯ ಸಾಲಿನ ಮೂಲೆಯಲ್ಲಿ ಚಾಪೆ ಹಾಸಿದೆ. ಹೊಸಬ ಅಂತ ಶಿಕ್ಷಕರಿಗೆ ಹೇಳಲಿಲ್ಲ. ಪಾದಹಸ್ತಾಸನ ಬಂತು, ಅಂದರೆ ನಿಂತಲ್ಲೇ ಮುಂದಕ್ಕೆ ಬಗ್ಗಿ ಕೈಯನ್ನು ಪಾದದ ಹತ್ತಿರ ತರುವುದು. ಪಕ್ಕದವರ ಅಂಗೈ ಆರಾಮಾಗಿ ನೆಲಕ್ಕೆ ಅಂಟಿತ್ತು. ನನ್ನ ಬೆರಳು ಮೊಣಕಾಲಿನ ಸ್ವಲ್ಪ ಕೆಳಗೆ ನಿಂತಿತ್ತು. ಮೊಣಕಾಲು ನೆಟ್ಟಗೆ ಇಟ್ಟುಕೊಂಡೇ ಇನ್ನಷ್ಟು ಎಳೆದೆ. ತೊಡೆಯ ಹಿಂದೆ ಚುಳ್ ಅಂತು. ಮೂರು ವಾರ ಮೆಟ್ಟಿಲು ಹತ್ತುವಾಗಲೆಲ್ಲ ಅದು ನೆನಪಾಗುತ್ತಿತ್ತು.

ಆಮೇಲೆ ಯೋಚಿಸಿದಾಗ ಅರ್ಥವಾಗಿದ್ದು ಇಷ್ಟು. ಇಂಥ ಕಾರ್ಯಕ್ರಮದಲ್ಲಿ ನಮ್ಮ ಮುಂದೆ ಎರಡು ಗೆರೆ ಇರುತ್ತವೆ. ಒಂದು ಸಂಕೋಚದ ಗೆರೆ: ಒಳಗೆ ಹೋಗುವುದು, ಬಾಯಿಬಿಟ್ಟು ಕೇಳುವುದು, ಎಲ್ಲರೂ ನಿಂತಿರುವಾಗ ಕೂತುಕೊಳ್ಳುವುದು. ಇದನ್ನು ದಾಟಬೇಕು. ಇನ್ನೊಂದು ಮೈಯ ಗೆರೆ: ಮೊಣಕಾಲು, ಬೆನ್ನು, ಉಸಿರು "ಇವತ್ತಿಗೆ ಸಾಕು" ಅನ್ನುವ ಜಾಗ. ಇದನ್ನು ದಾಟಬಾರದು. ಗುಂಪಿನಲ್ಲಿ ಹೊಸಬರು ಇದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಮಾತಾಡಲು ನಾಚಿಕೊಂಡು ಮೈಯನ್ನು ಎಳೆದು ಹಿಂಸೆ ಮಾಡುತ್ತಾರೆ. ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬರುವುದು ಅಂದರೆ ಮೊದಲನೆಯ ಗೆರೆ ದಾಟುವುದು. ಈ ಲೇಖನ ಪೂರ್ತಿ ಅದರ ಬಗ್ಗೆಯೇ.

ಹೆಸರು ಕೊಡುವ ಮುಂಚೆ: ಇದು ಎಂಥ ಕಾರ್ಯಕ್ರಮ?

"ಸಾಮೂಹಿಕ ಯೋಗ" ಅನ್ನುವ ಒಂದೇ ಹೆಸರಿನಡಿ ತುಂಬಾ ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಹೊಸಬರಿಗೆ ಎಲ್ಲವೂ ಹೊಂದುವುದಿಲ್ಲ.

ಎಲ್ಲಕ್ಕಿಂತ ಸುಲಭವಾದದ್ದು ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನದ ಕಾರ್ಯಕ್ರಮ. ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು ಈ ದಿನವನ್ನು ಘೋಷಿಸಿತು, ಮೊದಲ ಆಚರಣೆ ನಡೆದದ್ದು 2015ರಲ್ಲಿ. ಭಾರತ ಸರ್ಕಾರದ ಆಯುಷ್ ಸಚಿವಾಲಯ ಇದಕ್ಕಾಗಿ ಸುಮಾರು 45 ನಿಮಿಷದ ಒಂದು ಸಾಮಾನ್ಯ ಯೋಗ ಕ್ರಮವನ್ನು ಗೊತ್ತುಮಾಡಿದೆ. ಪ್ರಾರ್ಥನೆ, ಕುತ್ತಿಗೆ, ಭುಜ, ಸೊಂಟ, ಮೊಣಕಾಲು ಸಡಿಲಿಸುವ ಚಲನೆ, ಆಮೇಲೆ ನಿಂತು ಮಾಡುವ ಆಸನ, ಕೂತು ಮಾಡುವುದು, ಹೊಟ್ಟೆಯ ಮೇಲೆ ಮಲಗಿ ಮಾಡುವುದು, ಬೆನ್ನಿನ ಮೇಲೆ ಮಲಗಿ ಮಾಡುವುದು, ನಂತರ ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರಹಾಕುವುದು), ಪ್ರಾಣಾಯಾಮ, ಧ್ಯಾನ. ಎಲ್ಲ ವಯಸ್ಸಿನವರೂ ಬರುತ್ತಾರೆ ಅನ್ನುವ ಲೆಕ್ಕದಲ್ಲೇ ಮಾಡಿದ ಕ್ರಮ ಅದು. ಮುಂದೇನು ಬರುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ಇನ್ನೊಂದು ತುದಿಯಲ್ಲಿ 108 ಸೂರ್ಯ ನಮಸ್ಕಾರದ ಕಾರ್ಯಕ್ರಮ ಇದೆ. ಉತ್ಸಾಹದಲ್ಲಿ ಹೊಸಬರು ನೇರ ಇದಕ್ಕೇ ಹೆಸರು ಕೊಡುವುದನ್ನು ನೋಡಿದ್ದೇನೆ. ಒಂದು ಸುತ್ತಿಗೆ 12 ಹೆಜ್ಜೆ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದಕ್ಕೆ ಬಗ್ಗಬೇಕು. ಅಂದರೆ 108 ಸುತ್ತಿಗೆ 216 ಸಲ ಬಗ್ಗುವುದು, 108 ಸಲ ಮಣಿಕಟ್ಟಿನ ಮೇಲೆ ಭಾರ ಹಾಕಿ ಕೆಳಗೆ ಇಳಿಯುವುದು. ಅಭ್ಯಾಸವಿಲ್ಲದ ಮಣಿಕಟ್ಟು, ಭುಜ, ಸೊಂಟಕ್ಕೆ ಇದು ದೊಡ್ಡ ಹೊರೆ. ಆ ಸಂಭ್ರಮದಲ್ಲಿ ಇರಲೇಬೇಕು ಅನ್ನಿಸಿದರೆ ಹೋಗಿ, ಆದರೆ "ನಾನು 12 ಸುತ್ತು ಮಾಡಿ ಕೂರುತ್ತೇನೆ" ಅಂತ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೋಗಿ. ಅಲ್ಲಿ ಹೋಗಿ ತೀರ್ಮಾನಿಸುತ್ತೇನೆ ಅಂದರೆ ಗುಂಪು ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಜೋಡಿಯಾಗಿ ಮಾಡುವ ಯೋಗ, ಒಬ್ಬರ ಮೇಲೊಬ್ಬರು ನಿಲ್ಲುವಂಥದ್ದು ಮೊದಲ ಸಲಕ್ಕೆ ಬೇಡ.

ಆಯೋಜಕರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಒಟ್ಟು ಎಷ್ಟು ಹೊತ್ತು? ಹೊಸಬರಿಗೆ ಸುಲಭದ ರೂಪ ತೋರಿಸುತ್ತೀರಾ? ಬೇಕಾದರೆ ಕುರ್ಚಿ ಸಿಗುತ್ತದಾ? ಕುರ್ಚಿ ನಿಮಗೆ ಬೇಡದೇ ಇರಬಹುದು. ಆದರೂ ಕೇಳಿ. ಕುರ್ಚಿಯ ಬಗ್ಗೆ ಯೋಚಿಸಿರುವ ಆಯೋಜಕರು ಹೊಸಬರ ಬಗ್ಗೆಯೂ ಯೋಚಿಸಿರುತ್ತಾರೆ. ನನ್ನ ಅನುಭವದಲ್ಲಿ ಈ ಗುರುತು ತಪ್ಪಿದ್ದಿಲ್ಲ.

ಎರಡು ವಾರ, ದಿನಕ್ಕೆ ಹತ್ತು ನಿಮಿಷ

ಮೈ ಬಳುಕಿಸಿಕೊಳ್ಳಲು ಎರಡು ವಾರ ಸಾಲುವುದಿಲ್ಲ, ಅದಕ್ಕೆ ಪ್ರಯತ್ನವೂ ಬೇಡ. ಈ ಎರಡು ವಾರದಲ್ಲಿ ಆಗಬೇಕಾದದ್ದು ಹೆಸರಿನ ಪರಿಚಯ. ಮೈಕಿನಲ್ಲಿ "ಶಶಾಂಕಾಸನ" ಅಂತ ಕೇಳಿದಾಗ ತಲೆ ಎತ್ತಿ ಅತ್ತಿತ್ತ ನೋಡುವ ಹಾಗಾಗಬಾರದು. ಹತ್ತಿಪ್ಪತ್ತು ಆಸನ ಬಾಯಿಪಾಠ ಮಾಡುವುದೂ ಬೇಡ. ಐದು ಸಾಕು.

ತಾಡಾಸನ: ನೆಟ್ಟಗೆ ನಿಂತು, ಬೆರಳು ಹೆಣೆದು ಕೈ ಮೇಲೆತ್ತಿ, ಹಿಮ್ಮಡಿ ಎತ್ತುವುದು. ವಜ್ರಾಸನ: ಮೊಣಕಾಲು ಮಡಚಿ ಹಿಮ್ಮಡಿಗಳ ಮೇಲೆ ಕೂರುವುದು. ಶಶಾಂಕಾಸನ: ವಜ್ರಾಸನದಿಂದ ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ಇಡುವುದು. ಭುಜಂಗಾಸನ: ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತುವುದು. ಕೊನೆಗೆ ಶವಾಸನ: ಬೆನ್ನಿನ ಮೇಲೆ ಮೈ ಸಡಿಲಬಿಟ್ಟು ಮಲಗುವುದು. ಬೇರೆ ಆಸನಗಳಲ್ಲಿ ಬಹಳಷ್ಟು ಈ ಐದರ ಅಕ್ಕಪಕ್ಕದಲ್ಲೇ ಇರುತ್ತವೆ.

ಇದರಲ್ಲಿ ಶಶಾಂಕಾಸನವನ್ನು ನಿಮ್ಮ ಮನೆ ಅಂದುಕೊಳ್ಳಿ. ದಣಿವಾದಾಗ, ಗೊಂದಲವಾದಾಗ, ಮುಂದಿನ ಆಸನ ಬೇಡ ಅನ್ನಿಸಿದಾಗ ವಾಪಸ್ ಬರುವ ಜಾಗ ಇದು. ಹಣೆ ನೆಲ ಮುಟ್ಟದಿದ್ದರೆ ಎರಡು ಮುಷ್ಟಿ ಒಂದರ ಮೇಲೊಂದು ಇಟ್ಟು ಅದರ ಮೇಲೆ ಹಣೆ ಇಡಿ. ಹೊಟ್ಟೆ ಅಡ್ಡ ಬಂದರೆ ಮೊಣಕಾಲು ಅಗಲಿಸಿ. ಮನೆಯಲ್ಲಿ ದಿನಾ ಎರಡು ನಿಮಿಷ ಹೀಗೆ ಇದ್ದು ಅಭ್ಯಾಸ ಮಾಡಿದರೆ ಗುಂಪಿನ ನಡುವೆ ಇದಕ್ಕೆ ಬರಲು ಸಂಕೋಚ ಕಡಿಮೆಯಾಗುತ್ತದೆ. ಮೊಣಕಾಲು ಮಡಚಲು ಆಗದವರಿಗೆ ಮಕರಾಸನ ಇದೆ. ಹೊಟ್ಟೆಯ ಮೇಲೆ ಮಲಗಿ, ಕೈ ಮಡಚಿ, ಅದರ ಮೇಲೆ ತಲೆ.

ಇನ್ನೊಂದು ಅಭ್ಯಾಸದ ಬಗ್ಗೆ ಯಾರೂ ಹೇಳುವುದಿಲ್ಲ: ನೆಲದ ಮೇಲೆ ಕೂರುವುದು. ಹೊಸಬರಿಗೆ ಆಸನಕ್ಕಿಂತ ಜಾಸ್ತಿ ಕಷ್ಟವಾಗುವುದು ಶುರುವಾಗುವ ಮುಂಚಿನ ಮಾತು, ಕೊನೆಯ ಧ್ಯಾನ ಇವಕ್ಕಾಗಿ ಚಕ್ಕಳಮಕ್ಕಳ ಹಾಕಿ ಕೂರುವ ಇಪ್ಪತ್ತು ನಿಮಿಷ. ಬೆನ್ನು ಗೂನಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, "ನನ್ನಿಂದ ಆಗಲ್ಲ" ಅನ್ನುವ ಯೋಚನೆ ಅಲ್ಲೇ ಹುಟ್ಟುತ್ತದೆ. ಇದಕ್ಕೆ ಪರಿಹಾರ ಸುಲಭ. ದಪ್ಪ ಹೊದಿಕೆ ಮಡಚಿ ಅದರ ಅಂಚಿನ ಮೇಲೆ ಕೂರಿ. ಸೊಂಟ ಮೊಣಕಾಲಿಗಿಂತ ಎತ್ತರಕ್ಕೆ ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹೀಗೆ ಕೂತು ನೋಡಿ, ಎಷ್ಟು ಎತ್ತರ ಬೇಕು ಅಂತ ಗೊತ್ತಾಗುತ್ತದೆ. ಆ ಹೊದಿಕೆಯನ್ನೇ ಕಾರ್ಯಕ್ರಮಕ್ಕೂ ಒಯ್ಯಿರಿ.

ಮೈಯಲ್ಲಿ ಮೊದಲೇ ತೊಂದರೆ ಇದ್ದರೆ

ಇಲ್ಲಿ ಸಂಕೋಚಕ್ಕೆ ಜಾಗವೇ ಇಲ್ಲ. ವೈದ್ಯರನ್ನು ಮೊದಲೇ ಕೇಳಿ, ಶಿಕ್ಷಕರಿಗೂ ಹೇಳಿ.

ರಕ್ತದೊತ್ತಡ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು ಕಪಾಲಭಾತಿ ಬಿಡಬೇಕು, ಉಸಿರು ಬಿಗಿಹಿಡಿಯಬಾರದು, ತಲೆ ಕೆಳಗಾಗುವ ಆಸನ ಮಾಡಬಾರದು. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರು ತಲೆ ಎದೆಗಿಂತ ಕೆಳಗೆ ಬರುವ ಯಾವ ಆಸನದಲ್ಲೂ ನಿಲ್ಲಬಾರದು, ಏಕೆಂದರೆ ಆಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಬೆನ್ನಿನ ಡಿಸ್ಕ್ ತೊಂದರೆ ಇದ್ದವರಿಗೆ ಮುಂದಕ್ಕೆ ಬಗ್ಗುವುದೇ ಅಪಾಯದ ಜಾಗ. ಗರ್ಭಿಣಿಯರು ಹೊಟ್ಟೆಯ ಮೇಲೆ ಮಲಗುವ ಆಸನ, ಹೊಟ್ಟೆ ಹಿಂಡುವಂತೆ ತಿರುಚುವ ಆಸನ, ಕಪಾಲಭಾತಿ ಇವುಗಳಿಂದ ದೂರ ಇರಬೇಕು. ಅವರಿಗಾಗಿಯೇ ಇರುವ ತರಗತಿಯಲ್ಲಿ ಶುರು ಮಾಡುವುದು ಒಳ್ಳೆಯದು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರು ಹೂಂ ಅನ್ನುವವರೆಗೆ ಹೋಗಬೇಡಿ. ಮುಟ್ಟಿನ ದಿನಗಳಲ್ಲಿ ಹೋಗಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಮೈಯೇ ಹೇಳುತ್ತದೆ. ಹೋದರೆ ನಿಧಾನವಾಗಿ ಮಾಡಿ.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಹಾಕಿಕೊಳ್ಳುವ ಬಟ್ಟೆಯನ್ನು ಹಿಂದಿನ ರಾತ್ರಿಯೇ ತೊಟ್ಟು ಕನ್ನಡಿಯ ಮುಂದೆ ಮೂರು ಕೆಲಸ ಮಾಡಿ: ಎರಡೂ ಕೈ ಮೇಲೆತ್ತಿ, ಪೂರ್ತಿ ಮುಂದಕ್ಕೆ ಬಗ್ಗಿ, ಕುಕ್ಕರಗಾಲಿನಲ್ಲಿ ಕೂರಿ. ಬಗ್ಗಿದಾಗ ಅಂಗಿ ಮುಖದ ಮೇಲೆ ಜಾರಿ ಬರುತ್ತದಾ? ಒಳಗೆ ಸಿಕ್ಕಿಸಿ ಅಥವಾ ಬೇರೆಯದು ತೊಡಿ. ಬಟ್ಟೆ ಸರಿಮಾಡಿಕೊಳ್ಳುತ್ತಲೇ ಒಂದು ಗಂಟೆ ಕಳೆದವರನ್ನು ನೋಡಿದ್ದೇನೆ. ಬೇಜಾರಾಗುತ್ತದೆ. ಹೊಸ ಬಟ್ಟೆಗಿಂತ ಹಳೆಯ ಹತ್ತಿ ಬಟ್ಟೆ ಮೇಲು.

ಚಾಪೆ ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಸಾಕು. ದಪ್ಪ 4ರಿಂದ 6 ಮಿಲಿಮೀಟರ್. ತೀರಾ ದಪ್ಪದ ಮೆತ್ತನೆ ಚಾಪೆಯಲ್ಲಿ ಮೊಣಕಾಲಿಗೆ ಹಿತ, ಆದರೆ ಒಂಟಿ ಕಾಲಿನಲ್ಲಿ ನಿಂತಾಗ ಮೈ ಓಲಾಡುತ್ತದೆ. ಹೊಸ ಚಾಪೆ ಜಾರುವುದುಂಟು. ಒಂದೆರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹುಲ್ಲಿನ ಮೇಲೆ ನಡೆಯುವ ಕಾರ್ಯಕ್ರಮವಾದರೆ ಚಾಪೆಯ ಕೆಳಗೆ ಹಾಸಲು ಒಂದು ದಪ್ಪ ಬಟ್ಟೆ ಇರಲಿ.

ಚೀಲದಲ್ಲಿ ಇರಬೇಕಾದದ್ದು ನೀರು, ಸಣ್ಣ ಟವೆಲ್, ಮಡಚಿದ ಹೊದಿಕೆ, ತೆಳುವಾದ ಒಂದು ಮೇಲಂಗಿ. ಮೇಲಂಗಿ ಶವಾಸನಕ್ಕೆ. ಬೆವರಿದ ಮೈ ಅಲುಗಾಡದೆ ಮಲಗಿದಾಗ ಬೇಗ ತಣ್ಣಗಾಗುತ್ತದೆ. ಉಂಗುರ, ಬಳೆ, ಕೈಗಡಿಯಾರ ಮನೆಯಲ್ಲೇ ಬಿಡಿ.

ಹೊಟ್ಟೆ ತುಂಬಾ ಊಟ ಮಾಡಿದ್ದರೆ ಮೂರರಿಂದ ನಾಲ್ಕು ಗಂಟೆ ಬಿಡುವು ಬೇಕು. ಲಘುವಾಗಿ ಏನಾದರೂ ತಿಂದಿದ್ದರೆ ಒಂದೂವರೆ ಗಂಟೆ. ಪೂರ್ತಿ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುವ ಅಭ್ಯಾಸ ಇದ್ದವರು ಸ್ವಲ್ಪ ತಿಂದೇ ಬನ್ನಿ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಉಪವಾಸ ಹೋಗುವುದು ಬೇಡವೇ ಬೇಡ.

ಅರ್ಧ ಗಂಟೆ ಮುಂಚೆ ತಲುಪಿ. ತಡವಾಗಿ ಬಂದವರಿಗೆ ಉಳಿಯುವುದು ತೀರಾ ಮುಂದಿನ ಜಾಗ ಅಥವಾ ತೀರಾ ಹಿಂದಿನ ಮೂಲೆ.

ಚಾಪೆ ಎಲ್ಲಿ ಹಾಸಬೇಕು

ಎರಡನೇ ಅಥವಾ ಮೂರನೇ ಸಾಲು, ನಡುವಿನಿಂದ ಸ್ವಲ್ಪ ಪಕ್ಕಕ್ಕೆ. ನೂರಕ್ಕೆ ನೂರು ಇದೇ ನನ್ನ ಸಲಹೆ.

ಕೊನೆಯ ಸಾಲು ಸುರಕ್ಷಿತ ಅನ್ನಿಸುತ್ತದೆ, ಆದರೆ ಅಲ್ಲಿಂದ ವೇದಿಕೆ ಕಾಣುವುದಿಲ್ಲ, ಮೈಕ್ ಸರಿಯಾಗಿ ಕೇಳುವುದಿಲ್ಲ. ಕಾಣದವರು ಪಕ್ಕದವರನ್ನು ನೋಡಿ ಮಾಡುತ್ತಾರೆ, ಪಕ್ಕದವರು ತಪ್ಪು ಮಾಡಿದರೆ ಇವರದ್ದೂ ತಪ್ಪು. ನಡುವಿನ ಸಾಲಿನಲ್ಲಿದ್ದರೆ ಯಾವ ಕಡೆ ತಿರುಗಿದರೂ ಕಣ್ಣಳತೆಯಲ್ಲಿ ಯಾರಾದರೂ ಇರುತ್ತಾರೆ. ತ್ರಿಕೋನಾಸನದಲ್ಲಿ ಪಕ್ಕಕ್ಕೆ ಬಾಗಿದಾಗ, ವಕ್ರಾಸನದಲ್ಲಿ ಹಿಂದಕ್ಕೆ ತಿರುಗಿದಾಗ ಇದರ ಬೆಲೆ ಗೊತ್ತಾಗುತ್ತದೆ. ಸ್ವಲ್ಪ ಪಕ್ಕಕ್ಕೆ ಇರಲಿ ಅಂದದ್ದು ನಡುವೆ ಎದ್ದು ಹೋಗಬೇಕಾದರೆ ಯಾರನ್ನೂ ದಾಟಬೇಕಾಗಿ ಬರದಿರಲಿ ಅಂತ. ಎದ್ದು ಹೋಗುವ ದಾರಿ ಇದೆ ಅಂತ ಗೊತ್ತಿದ್ದರೆ ಮನಸ್ಸು ಕೂತ ಜಾಗದಲ್ಲಿ ಆರಾಮಾಗಿರುತ್ತದೆ.

ಒಂದು ಕೈ ಚಾಚಿದರೆ ಪಕ್ಕದವರಿಗೆ ತಾಗದಷ್ಟು ಅಂತರ ಇರಲಿ. ಪಕ್ಕದವರ ಚಾಪೆಗೆ ನೇರ ಸಾಲಿನಲ್ಲಿ ಹಾಸದೆ ಒಂದು ಅಡಿ ಹಿಂದೆ ಅಥವಾ ಮುಂದೆ ಹಾಸಿದರೆ ಕೈಗೆ ಕೈ ಬಡಿಯುವುದಿಲ್ಲ.

ಶಿಕ್ಷಕರ ಹತ್ತಿರ ಒಂದು ಮಾತು

ಇದು ಇಡೀ ದಿನದ ಅತಿ ಕಷ್ಟದ ಹೆಜ್ಜೆ ಇರಬಹುದು. ಎರಡು ವಾಕ್ಯ ಮೊದಲೇ ತಯಾರು ಮಾಡಿಕೊಳ್ಳಿ. "ನಾನು ಮೊದಲ ಸಲ ಬಂದಿದ್ದೇನೆ. ನನ್ನ ಎಡ ಮೊಣಕಾಲು ನೋವಿದೆ." ಅಷ್ಟೇ. ಒಳ್ಳೆಯ ಶಿಕ್ಷಕರು ಇದನ್ನು ಕೇಳಲು ಕಾಯುತ್ತಿರುತ್ತಾರೆ.

ಕೆಲವು ಕಡೆ ಸಹಾಯಕರು ಸಾಲುಗಳ ನಡುವೆ ಓಡಾಡುತ್ತಾ ಭುಜ, ಬೆನ್ನು ಮುಟ್ಟಿ ಸರಿಮಾಡುತ್ತಾರೆ. ನಿಮಗೆ ಅದು ಬೇಡ ಅನ್ನಿಸಿದರೆ "ದಯವಿಟ್ಟು ಮುಟ್ಟದೆ ಹೇಳಿ" ಅಂತ ಮೊದಲೇ ಹೇಳಿ. ಅದು ನಿಮ್ಮ ಹಕ್ಕು, ಕಾರಣ ಕೊಡಬೇಕಾಗಿಲ್ಲ. ಯಾರಾದರೂ ಬೆನ್ನ ಮೇಲೆ ಕೈಯಿಟ್ಟು ಒತ್ತಲು ಬಂದರೆ "ಬೇಡ, ಸಾಕು" ಅಂತ ಗಟ್ಟಿಯಾಗಿಯೇ ಅನ್ನಿ. ಇನ್ನೊಬ್ಬರು ಒತ್ತಿದಾಗ ನಮ್ಮ ಸ್ನಾಯುವಿಗೆ ತನ್ನನ್ನು ಕಾಪಾಡಿಕೊಳ್ಳಲು ಸಮಯ ಸಿಗುವುದಿಲ್ಲ.

ಪ್ರಾರ್ಥನೆ, ಓಂಕಾರ ನಿಮಗೆ ಹೊಂದದಿದ್ದರೆ ಸುಮ್ನೆ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ ಕೂರಬಹುದು.

ಶುರುವಾದ ಮೇಲೆ

ಮೊದಲ ಹತ್ತು ನಿಮಿಷ ಮನಸ್ಸು ಚಾಪೆಯ ಮೇಲೆ ಇರುವುದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಇದರ ಬಗ್ಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಸಹಾಯ ಮಾಡಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ ಶರ್ಟ್ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಅದನ್ನು ಗಮನಿಸಿರಬಹುದು ಅಂತ ಕೇಳಿದಾಗ ಸುಮಾರು ಅರ್ಧದಷ್ಟು ಜನ ಅಂದುಕೊಂಡರು. ನಿಜವಾಗಿ ಗಮನಿಸಿದವರು ಅದರಲ್ಲೂ ಅರ್ಧ, ಅಂದರೆ ಸುಮಾರು ಕಾಲುಭಾಗ. ಅದೂ ಕೂತಲ್ಲೇ ಇದ್ದ ಜನ. ಒಂಟಿ ಕಾಲಿನಲ್ಲಿ ನಿಂತು ಬೀಳದಿರಲು ಹೆಣಗುತ್ತಿರುವ ನಿಮ್ಮ ಪಕ್ಕದವರಿಗೆ ನಿಮ್ಮನ್ನು ನೋಡಲು ಎಲ್ಲಿದೆ ಪುರುಸೊತ್ತು?

ಎದೆ ಡವಡವ ಅನ್ನುತ್ತಿದ್ದರೆ ಉಸಿರನ್ನು ಬಳಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಹೊರಗೆ ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಸ್ವಲ್ಪ ನಿಧಾನವಾಗುತ್ತದೆ, ಹಾಗಾಗಿ ಹೊರಗಿನ ಉಸಿರು ಉದ್ದವಾದಷ್ಟೂ ಒಳ್ಳೆಯದು. ಹತ್ತು ಸಲ ಮಾಡಿದರೆ ಸಾಕು.

ಎಡ ಬಲದ ಗೊಂದಲ ಎಲ್ಲರಿಗೂ ಆಗುತ್ತದೆ, ಅದಕ್ಕೆ ಕಾರಣವಿದೆ. ಎದುರಿಗೆ ನಿಂತ ಶಿಕ್ಷಕರು ಬಹಳ ಸಲ ಕನ್ನಡಿಯ ಹಾಗೆ ಮಾಡಿ ತೋರಿಸುತ್ತಾರೆ. ಬಾಯಲ್ಲಿ "ಬಲಗೈ" ಅನ್ನುತ್ತಾರೆ, ತಮ್ಮ ಎಡಗೈ ಎತ್ತುತ್ತಾರೆ. ಕಿವಿಯನ್ನು ನಂಬಬೇಕೋ ಕಣ್ಣನ್ನು ನಂಬಬೇಕೋ ತಿಳಿಯದಿದ್ದರೆ ಶಿಕ್ಷಕರ ಕೈ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ನಿಮ್ಮ ಕೈ ಎತ್ತಿ. ತಪ್ಪಾದರೆ ಅಲ್ಲೇ ಬದಲಿಸಬೇಡಿ. ಈ ಬದಿ ನಿಧಾನವಾಗಿ ಮುಗಿಸಿ, ಎಲ್ಲರೂ ಇನ್ನೊಂದು ಬದಿಗೆ ಹೋದಾಗ ನೀವೂ ಬದಲಿಸಿ.

ಒಂಟಿ ಕಾಲಿನಲ್ಲಿ ನಿಲ್ಲುವ ವೃಕ್ಷಾಸನದಂಥ ಸಮತೋಲನದ ಆಸನ ಗುಂಪಿನಲ್ಲಿ ಮನೆಗಿಂತ ಕಷ್ಟ. ನಮ್ಮ ಸಮತೋಲನಕ್ಕೆ ಕಿವಿಯ ಒಳಭಾಗ, ಪಾದ ಮತ್ತು ಕೀಲುಗಳ ಅರಿವು, ಕಣ್ಣು ಈ ಮೂರೂ ಬೇಕು. ಮುಂದಿನ ಸಾಲಿನವರ ಬೆನ್ನು ಅಲುಗಾಡುತ್ತಿರುತ್ತದೆ, ಅದನ್ನು ನೋಡಿದ ಕಣ್ಣು ನಿಮ್ಮನ್ನೂ ಓಲಾಡಿಸುತ್ತದೆ. ಅಲುಗದ ಒಂದು ಬಿಂದು ಹುಡುಕಿ. ನೆಲದ ಮೇಲಿನ ಕಲೆ, ದೂರದ ಕಂಬ, ಯಾವುದಾದರೂ ಆಗುತ್ತದೆ. ಪಾದವನ್ನು ತೊಡೆಯವರೆಗೆ ಎತ್ತಲೇಬೇಕು ಅಂತೇನಿಲ್ಲ. ಕಾಲ್ಬೆರಳ ತುದಿ ನೆಲದಲ್ಲಿ, ಹಿಮ್ಮಡಿ ಇನ್ನೊಂದು ಪಾದದ ಗಂಟಿಗೆ. ಇದೂ ವೃಕ್ಷಾಸನವೇ. ಮೊಣಕಾಲಿನ ಕೀಲಿಗೆ ಮಾತ್ರ ಪಾದ ಒತ್ತಬೇಡಿ.

ಇನ್ನು ನನ್ನನ್ನು ಮೂರು ವಾರ ಕುಂಟಿಸಿದ ಮುಂದಕ್ಕೆ ಬಗ್ಗುವ ಆಸನ. ತೊಡೆಯ ಹಿಂದಿನ ಸ್ನಾಯು ಕೂರುವ ಮೂಳೆಯಿಂದ ಹೊರಟು ಮೊಣಕಾಲು ದಾಟಿ ಕೆಳಗೆ ಅಂಟಿಕೊಂಡಿದೆ. ಮೊಣಕಾಲು ಸ್ವಲ್ಪ ಮಡಚಿದ ತಕ್ಷಣ ಅದು ಸಡಿಲವಾಗುತ್ತದೆ, ಸೊಂಟ ಆರಾಮಾಗಿ ಮುಂದಕ್ಕೆ ಬಾಗುತ್ತದೆ. ಹಾಗಾಗಿ ಮೊಣಕಾಲು ಮಡಚಿಯೇ ಬಗ್ಗಿ. ಮೇಲೆ ಬರುವಾಗ ನಿಧಾನ. ತಲೆ ಕೆಳಗಿದ್ದು ಒಮ್ಮೆಲೇ ಎದ್ದರೆ ಮಿದುಳಿಗೆ ಹೋಗುವ ರಕ್ತ ಒಂದು ಕ್ಷಣ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಹಾಗಾದರೆ ನಾಚಿಕೆ ಬಿಟ್ಟು ಕೂತುಬಿಡಿ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನ ಅಳತೆಗೋಲು ಉಸಿರು. ಆಸನದಲ್ಲಿದ್ದಾಗ ಮೂಗಿನಿಂದ ಸಲೀಸಾಗಿ ಉಸಿರಾಡಲು ಆಗುತ್ತಿದೆಯಾ? ಸರಿಯಾದ ಜಾಗದಲ್ಲಿದ್ದೀರಿ. ಉಸಿರು ಕಟ್ಟಿದೆ, ಹಲ್ಲು ಕಚ್ಚಿದ್ದೀರಿ, ಹುಬ್ಬು ಗಂಟಾಗಿದೆ ಅಂದರೆ ಗೆರೆ ದಾಟಿದ್ದೀರಿ, ಎರಡು ಬೆರಳಷ್ಟು ಹಿಂದೆ ಬನ್ನಿ. ಪತಂಜಲಿಯ ಯೋಗಸೂತ್ರದ ಎರಡನೇ ಪಾದದ 46ನೇ ಸೂತ್ರ "ಸ್ಥಿರಸುಖಮಾಸನಮ್" ಅನ್ನುತ್ತದೆ. ಅಲುಗದೆ, ಹಿತವಾಗಿ ಇರುವುದೇ ಆಸನ. ಎಷ್ಟು ಬಾಗಬೇಕು ಅಂತ ಅಲ್ಲಿ ಒಂದು ಮಾತೂ ಇಲ್ಲ.

ನೋವಿನಲ್ಲೂ ಭೇದ ತಿಳಿಯಿರಿ. ಸ್ನಾಯುವಿನ ನಡುಭಾಗದಲ್ಲಿ ಹರಡಿದಂತೆ ಎಳೆತ ಇದ್ದರೆ, ಉಸಿರು ಬಿಟ್ಟಾಗ ಅದು ಕರಗುತ್ತಿದ್ದರೆ ಚಿಂತೆಯಿಲ್ಲ. ಕೀಲಿನೊಳಗೆ ಚುಚ್ಚಿದಂತೆ, ಮಿಂಚು ಹೊಡೆದಂತೆ, ಕಾಲಿನುದ್ದಕ್ಕೂ ಇಳಿದಂತೆ ಆದರೆ ಅದೇ ಕ್ಷಣ ಹೊರಗೆ ಬನ್ನಿ. ಎಣಿಕೆ ಮುಗಿಯಲಿ ಅಂತ ಕಾಯಬೇಡಿ. ಎಣಿಸುವವರಿಗೆ ನಿಮ್ಮ ಮೊಣಕಾಲಿನ ಸುದ್ದಿ ಗೊತ್ತಿರುವುದಿಲ್ಲ.

ವಜ್ರಾಸನದಲ್ಲಿ ಮೊಣಕಾಲು ಬಿಗಿದರೆ ಮೀನಖಂಡ ಮತ್ತು ತೊಡೆಯ ನಡುವೆ ಮಡಚಿದ ಟವೆಲ್ ಇಡಿ. ಭುಜಂಗಾಸನದಲ್ಲಿ ಕೈ ಒತ್ತಿ ಏರುವ ಬದಲು ಬೆನ್ನಿನ ಬಲದಿಂದ ಎಷ್ಟು ಏರುತ್ತದೋ ಅಷ್ಟೇ ಸಾಕು.

ಕಪಾಲಭಾತಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗುಂಪಿನಲ್ಲಿ ಅದರ ವೇಗ ತಾನಾಗಿ ಏರುತ್ತದೆ, ಸುತ್ತಲಿನ ಸದ್ದು ನಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ವೇಗ ಮಿತಿ ಮೀರಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು, ತುಟಿ ಜುಮುಗುಡುತ್ತವೆ. ಕೆಲವರು ಇದನ್ನೇ ಯೋಗದ ಫಲ ಅಂದುಕೊಳ್ಳುತ್ತಾರೆ. ಇದು ನಿಲ್ಲಿಸು ಅನ್ನುವ ಸೂಚನೆ. ಮೊದಲ ಸಲ ನಿಧಾನವಾಗಿ ಇಪ್ಪತ್ತು ಸಲ ಮಾಡಿ ಕೈ ಮಡಿಲಲ್ಲಿಟ್ಟು ಕೂರಿ. ಅಥವಾ ಮಾಡಲೇಬೇಡಿ, ಸಹಜವಾಗಿ ಉಸಿರಾಡಿ. ಇದಕ್ಕೆ ಬದಲು ಭ್ರಾಮರಿಯನ್ನು ಪೂರ್ತಿ ಮಾಡಿ. ಒಂದು ಮೈದಾನ ತುಂಬಾ ಜನ ಒಟ್ಟಿಗೆ ದುಂಬಿಯ ಹಾಗೆ ಗುಂಯ್ ಅನ್ನುವಾಗ ಆ ಕಂಪನ ಎದೆಗೆ ತಾಗುತ್ತದೆ. ಒಬ್ಬರೇ ಮನೆಯಲ್ಲಿ ಎಷ್ಟು ಮಾಡಿದರೂ ಇದು ಸಿಗುವುದಿಲ್ಲ. ಗುಂಪಿಗೆ ಬಂದದ್ದಕ್ಕೆ ಇದೊಂದೇ ಸಾಕು ಅಂತ ನನಗೆ ಅನ್ನಿಸಿದ್ದುಂಟು.

ಇನ್ನೊಂದು ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಎಲ್ಲರ ನಡುವೆ ಗಾಳಿ ಹೋಗಿಬಿಟ್ಟರೆ? ಹೊಟ್ಟೆ ಒತ್ತುವ ಆಸನಗಳಲ್ಲಿ ಇದು ಸಹಜ. ಪವನಮುಕ್ತಾಸನದ ಹೆಸರಿನ ಅರ್ಥವೇ ಅದು. ಅನುಭವ ಇರುವವರು ತಿರುಗಿಯೂ ನೋಡುವುದಿಲ್ಲ.

ಶವಾಸನ ಬಿಟ್ಟು ಏಳಬೇಡಿ

"ಇನ್ನೇನು, ಮಲಗುವುದು ತಾನೇ" ಅಂತ ಚಾಪೆ ಸುತ್ತಿಕೊಂಡು ಹೊರಡುವವರು ಇರುತ್ತಾರೆ. ನೀವು ಉಳಿಯಿರಿ. ಗಲ್ಲ ಮೇಲಕ್ಕೆ ಹೋಗುತ್ತಿದ್ದರೆ ತಲೆಯ ಕೆಳಗೆ ಟವೆಲ್ ಇಡಿ. ಸೊಂಟ ನೋಯುತ್ತಿದ್ದರೆ ಮೊಣಕಾಲಿನ ಕೆಳಗೆ ಹೊದಿಕೆ ಸುತ್ತಿ ಇಡಿ. ಮೇಲಂಗಿ ಹೊದ್ದುಕೊಳ್ಳಿ. ಅಪರಿಚಿತರ ನಡುವೆ ಕಣ್ಣು ಮುಚ್ಚಿ ಮಲಗುವುದು ಕೆಲವರಿಗೆ ಎಲ್ಲಕ್ಕಿಂತ ಕಷ್ಟದ ಆಸನ. ಕಣ್ಣು ತೆರೆದೇ ಇರಬಹುದು, ಪಕ್ಕಕ್ಕೆ ಮಗ್ಗುಲಾಗಿ ಮಲಗಬಹುದು, ಬೆನ್ನು ನೆಟ್ಟಗೆ ಮಾಡಿ ಕೂರಲೂಬಹುದು.

ನಿದ್ದೆ ಬಂದರೆ ಬರಲಿ. ಕಾರಣವೇ ಇಲ್ಲದೆ ಕಣ್ಣಲ್ಲಿ ನೀರು ಬರುವುದೂ ಉಂಟು. ಬಹಳ ದಿನ ಮನಸ್ಸನ್ನು ಬಿಗಿಹಿಡಿದಿದ್ದವರಿಗೆ ಹಾಗಾಗಬಹುದು, ಗಾಬರಿ ಬೇಡ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಎರಡು ಉಸಿರು ಅಲ್ಲೇ ಇದ್ದು, ಆಮೇಲೆ ಕೈ ಊರಿ ಏಳಿ.

ಮುಗಿದ ಮೇಲೆ

ಚಾಪೆ ಮಡಚುವಾಗ ಪಕ್ಕದವರ ಹತ್ತಿರ ಒಂದು ಮಾತಾಡಿ. "ನಾನು ಮೊದಲ ಸಲ ಬಂದದ್ದು" ಅಂದರೆ ಸಾಕು. ಅವರೂ ತಮ್ಮ ಮೊದಲ ಸಲದ ಕಥೆ ಹೇಳುತ್ತಾರೆ, ಅದು ನಿಮ್ಮದಕ್ಕಿಂತ ಬೇರೆ ಇರುವುದಿಲ್ಲ. ಶಿಕ್ಷಕರನ್ನು ಒಂದೇ ಒಂದು ಪ್ರಶ್ನೆ ಕೇಳಿ, ನಿಮಗೆ ತೀರಾ ಕಷ್ಟವಾದ ಆಸನದ ಬಗ್ಗೆ. ಆಗ ಸಿಗುವ ಎರಡು ನಿಮಿಷದ ಉತ್ತರ ನಿಮ್ಮ ಮೈಗೆ ಅಂತಲೇ ಇರುತ್ತದೆ.

ಮರುದಿನ ಮೈಕೈ ನೋವು ಇರುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಈ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ ಜಾಸ್ತಿ ಇದ್ದು ತಾನಾಗಿ ಇಳಿಯುತ್ತದೆ. ಪೂರ್ತಿ ಮಲಗಿಬಿಡುವುದಕ್ಕಿಂತ ಸ್ವಲ್ಪ ನಡೆದಾಡಿದರೆ ಹಿತ. ಒಂದೇ ಬದಿಯಲ್ಲಿ ಚುಚ್ಚುವ ನೋವು, ಊತ, ಜೋಮು ಅಥವಾ ಒಂದು ವಾರವಾದರೂ ಇಳಿಯದ ನೋವು ಇದ್ದರೆ ವೈದ್ಯರ ಹತ್ತಿರ ಹೋಗಿ. ನಾನು ಹತ್ತು ದಿನ ಸುಮ್ನೆ ಕಾದಿದ್ದೆ, ಕಾಯಬಾರದಿತ್ತು.

ಮುಂದಿನ ಸಲ ಯಾವಾಗ ಅಂತ ಅದೇ ದಿನ ಗೊತ್ತು ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಹೋಗುವವರು ಪ್ರತಿ ವರ್ಷವೂ ಹೊಸಬರೇ ಆಗಿರುತ್ತಾರೆ. ಒಂದು ತಿಂಗಳೊಳಗೆ ಎರಡನೇ ಸಲ ಹೋದರೆ ಐದು ಆಸನದ ಹೆಸರು ಇನ್ನೂ ನೆನಪಿರುತ್ತದೆ, ಒಂದೆರಡು ಮುಖದ ಗುರುತೂ ಇರುತ್ತದೆ. ಆ ದಿನವೂ ಪಾದಹಸ್ತಾಸನದಲ್ಲಿ ಮೊಣಕಾಲು ಮಡಚಿಯೇ ಬಗ್ಗಿ. ಪಕ್ಕದಲ್ಲಿ ಯಾರಾದರೂ ಹೊಸಬರು ಹಲ್ಲು ಕಚ್ಚಿ ನೆಲ ಮುಟ್ಟಲು ಒದ್ದಾಡುತ್ತಿದ್ದರೆ, ಅವರ ಕಣ್ಣಿಗೆ ಮೊದಲು ಬೀಳುವುದು ನಿಮ್ಮ ಮಡಚಿದ ಮೊಣಕಾಲೇ.